ಉಪ್ಪರಿಗೆಯ ಹಲಗೆಗೆ ಯಾವ ಪಾಲಿಶ್?

ಆಟಿ ತಿಂಗಳಲ್ಲಿ ಬಂಟ್ವಾಳದ ಕಡೆ ಯಾವ ಹಳೆಯ ಮನೆಗೆ ಹೋದರೂ ಒಂದಾದರೂ ಕದ ಹಠ ಹಿಡಿದಿರುತ್ತದೆ. ದೂಡಿದರೆ ಕೂರುವುದಿಲ್ಲ, ಕೂತರೆ ಎಳೆಯಲು ಇಬ್ಬರು ಬೇಕು. ಮನೆಯವರಿಗೆ ಅದೇನೂ ಚಿಂತೆಯ ವಿಷಯವಲ್ಲ. ದೀಪಾವಳಿ ಕಳೆದ ಮೇಲೆ ತಾನಾಗಿ ಸಡಿಲವಾಗುತ್ತದೆ ಎಂದು ಗೊತ್ತು. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯವರು ಉಪ್ಪರಿಗೆಯ ಮರದ ನೆಲಕ್ಕೆ ಪಾಲಿಶ್ ಮಾಡಿಸಲು ಹೊರಟಾಗ ಈ ತಿಳಿವಳಿಕೆಯನ್ನು ಕೆಳಗೆ ಚಾವಡಿಯಲ್ಲೇ ಬಿಟ್ಟು ಮೇಲೆ ಹತ್ತುತ್ತಾರೆ.

“ಆಚಾರ್ರೇ, ಯಾವುದು ಹಾಕುವ?”

“ಟಚ್‌ವುಡ್ ಹೊಡೆಯುವ ಮಾರಾಯ್ರೇ. ಕನ್ನಡಿಯ ಹಾಗೆ ಆಗ್ತದೆ.”

ಮಾತು ಅಲ್ಲಿಗೆ ಮುಗಿಯುತ್ತದೆ. ಕನ್ನಡಿಯ ಹಾಗೆ ಆಗುವುದೂ ನಿಜ. ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೆ ಆ ಕನ್ನಡಿ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಲು ಮಾತ್ರ ಯಾರೂ ಆಚಾರ್ರನ್ನು ಕರೆಯುವುದಿಲ್ಲ.

ಮರದ ನೆಲಕ್ಕೆ ಯಾವ ಲೇಪ ಒಳ್ಳೆಯದು ಎಂದು ಬೆಂಗಳೂರಿನಲ್ಲಿ ಕೇಳಿದರೆ ಸಿಗುವ ಉತ್ತರ ಬಂಟ್ವಾಳಕ್ಕೆ ಹೊಂದುವುದಿಲ್ಲ. ಯುರೋಪಿನ ಉತ್ತರವಂತೂ ದೂರವೇ ಉಳಿಯಿತು. ಮರದಲ್ಲಿ ಎಷ್ಟು ನೀರಿರಬಹುದು ಎಂದು ಹೇಳುವ ಭಾರತೀಯ ಮಾನಕ ಐಎಸ್ 287, ಗಾಳಿಯ ತೇವಾಂಶವನ್ನು ಅನುಸರಿಸಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸುತ್ತದೆ. ಕರಾವಳಿ ಸೇರುವುದು ಕೊನೆಯ, ಅತಿ ತೇವದ ವಲಯಕ್ಕೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್ ಮತ್ತು ಸೆಪ್ಟೆಂಬರ್ ನಡುವೆಯೇ ಸುರಿದುಹೋಗುತ್ತದೆ. ಘಟ್ಟದ ಬುಡದ ಬೆಳ್ತಂಗಡಿಯ ಹಳ್ಳಿಗಳಲ್ಲಿ ಇನ್ನೂ ಹೆಚ್ಚು.

ಸ್ವಲ್ಪ ಲೆಕ್ಕ ಹಾಕೋಣ. ಗಾಳಿಯ ತೇವಾಂಶ ವಾರಗಟ್ಟಲೆ ಶೇ 90ರಲ್ಲೇ ನಿಂತರೆ ಮರ ತನ್ನ ಒಣ ತೂಕದ ಶೇ 20ರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ತೇವಾಂಶ ಶೇ 65ಕ್ಕೆ ಇಳಿದರೆ ಮರದ ನೀರೂ ಶೇ 12ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಶೇ 1ರಷ್ಟು ಏರಿದರೆ ಅಡ್ಡ ಸೀಳಿದ ಸಾಗುವಾನಿ ಹಲಗೆಯ ಅಗಲ ಸುಮಾರು ಶೇ 0.2ರಷ್ಟು ಹೆಚ್ಚುತ್ತದೆ; ಮರಗಳಲ್ಲೆಲ್ಲ ಮರ್ಯಾದಸ್ಥ ಮರ ಅದು, ಉಳಿದ ಹಲವು ಮರಗಳು ಇದಕ್ಕಿಂತ ಹೆಚ್ಚು ಉಬ್ಬುತ್ತವೆ. 8 ಅಂಗುಲದ ಹಲಗೆಗೆ ಈ ಲೆಕ್ಕ ಹಾಕಿದರೆ ಜನವರಿಗೂ ಜುಲೈಗೂ ನಡುವೆ ಮೂರು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ದಪ್ಪ ಹಲಗೆ, ಮಾಡಿನ ಕೆಳಗಿದೆ, ಅಷ್ಟೆಲ್ಲ ಆಗಲಿಕ್ಕಿಲ್ಲ ಎಂದು ಅರ್ಧಕ್ಕೆ ಇಳಿಸಿದರೂ 12 ಅಡಿ ಕೋಣೆಯ 18 ಹಲಗೆಗಳಲ್ಲಿ ಒಟ್ಟು ಒಂದು ಅಂಗುಲದ ಓಡಾಟವಿದೆ. ಮರದ ನಡುವಿನಿಂದ ತೊಗಟೆಯ ಕಡೆಗೆ ಸೀಳಿ ತೆಗೆದ ಹಲಗೆಯಲ್ಲಿ ಇದರ ಸುಮಾರು ಅರ್ಧ. ಆದ್ದರಿಂದಲೇ ಹಿಂದಿನವರು ಮರ ಸೀಳಿಸುವಾಗ ಪಕ್ಕದಲ್ಲೇ ನಿಂತಿರುತ್ತಿದ್ದರು.

ಯಾವ ಪಾಲಿಶೂ ಈ ಓಡಾಟವನ್ನು ನಿಲ್ಲಿಸುವುದಿಲ್ಲ. ನಿಧಾನ ಮಾಡಬಹುದು, ಅಷ್ಟೆ. ಒಂದು ದಿನದ ಸೆಕೆ, ಒಂದು ವಾರದ ಜಡಿ ಮಳೆ ಒಳಗೆ ಇಳಿಯದಂತೆ ಒಳ್ಳೆಯ ಲೇಪ ತಡೆಯುತ್ತದೆ. ನಾಲ್ಕು ತಿಂಗಳ ಮಳೆಗಾಲವನ್ನು ತಡೆಯುವ ಡಬ್ಬಿ ಯಾವ ಅಂಗಡಿಯಲ್ಲೂ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಹೊಳೆಯುತ್ತದೆ ಎಂಬುದಲ್ಲ, ಎಷ್ಟು ವರ್ಷ ಬರುತ್ತದೆ ಎಂಬುದೂ ಅಲ್ಲ. ಮರ ಅಲುಗಿದಾಗ ಇದು ಏನು ಮಾಡುತ್ತದೆ, ಕೆಟ್ಟರೆ ಕೆಟ್ಟಷ್ಟನ್ನೇ ಸರಿಮಾಡಲು ಬರುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದದ್ದು.

ಮಾಡು ಎಂಬ ಮೊದಲ ಲೇಪ

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರಿ ಕುಂಜರವೂ ಪಂಚನಾರಿ ತುರಗವೂ ಇವೆ. ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದದ್ದು, ಐವರು ಸೇರಿ ಕುದುರೆಯಾದದ್ದು. ಸುಮಾರು 17ನೇ ಶತಮಾನದ ಕೆಲಸ ಅದು. ಅಲ್ಲೇ ಹತ್ತಿರದ ಸಾವಿರ ಕಂಬದ ಬಸದಿ ಇನ್ನೂ ಹಳೆಯದು, 1430ರದು. ಕೆಳಗೆ ಶಿಲೆ, ಮೇಲಿನ ಅಂತಸ್ತುಗಳಲ್ಲಿ ಮರ, ಅದರ ಮೇಲೆ ಇಳಿಜಾರಿನ ಮಾಡು. ನೇಪಾಳದ ಕಟ್ಟಡಗಳ ನೆನಪಾಗುತ್ತದೆ ಎಂದು 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಬರೆದದ್ದು ಈ ಮಾಡನ್ನು ನೋಡಿಯೇ. ಇವುಗಳಿಗೆ ಪಾಲಿಯುರೆಥೇನ್ ಹೊಡೆದವರಿಲ್ಲ. ಇಷ್ಟು ಮಳೆಯಲ್ಲಿ ಇಷ್ಟು ಕಾಲ ಮರ ನಿಂತದ್ದು ಹೊರಚಾಚಿದ ಸೂರಿನಿಂದ, ಕೆಳಗಿನ ಕಲ್ಲಿನಿಂದ, ನಡುವೆ ಆಡುವ ಗಾಳಿಯಿಂದ.

ಗುತ್ತಿನ ಮನೆಗಳ ಉಪ್ಪರಿಗೆಯೂ ಅದೇ ಲೆಕ್ಕದಲ್ಲಿ ಕಟ್ಟಿದ್ದು. ನೆಲದ ಮೇಲೆ ಮರ ಹಾಸುವ ಹುಚ್ಚು ಯಾರಿಗೂ ಇರಲಿಲ್ಲ. ಅಲ್ಲಿ ಗೆದ್ದಲಿಗೆ ಊಟ ಹಾಕಿದಂತೆ ಎಂದು ಗೊತ್ತಿತ್ತು. ಕೆಳಗೆ ಸೆಗಣಿ ಸಾರಿಸಿದ ನೆಲ, ಆಮೇಲೆ ಬಂದದ್ದು ರೆಡ್ ಆಕ್ಸೈಡ್. ಮರ ಇದ್ದದ್ದು ಮುಚ್ಚಿಗೆಯಲ್ಲಿ. ಕೆಳಗಿನ ಕೋಣೆಗೆ ಅದು ಮುಚ್ಚಿಗೆ, ಮೇಲಿನವರಿಗೆ ಅದೇ ನೆಲ. ಅಡುಗೆಕೋಣೆಯ ಮೇಲಿನ ಅಟ್ಟಕ್ಕೆ ಒಲೆಯ ಹೊಗೆ ವರ್ಷವಿಡೀ ತಾಗಿ ಮರ ಕಪ್ಪಾಗಿ, ಹುಳ ಮೂಸಿಯೂ ನೋಡದ ಹಾಗೆ ಆಗುತ್ತಿತ್ತು. ಉಳಿದ ಕಡೆ ಬರಿಗಾಲಿನ ಓಡಾಟ, ಚಾಪೆಯ ಉಜ್ಜಾಟ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಒಂದು ಹಂಚು ಜಾರಿದರೆ ನೀರೂ ತೊಟ್ಟಿಕ್ಕುತ್ತದೆ. ಪಾಲಿಶ್‌ಗೆ ದುಡ್ಡು ತೆಗೆಯುವ ಮೊದಲು ಒಮ್ಮೆ ಮಾಡಿಗೆ ಜನ ಹತ್ತಿಸಿ ಹಂಚು ಸರಿಮಾಡಿಸಿ ಎನ್ನುವುದು ಅದಕ್ಕೇ. ತೊಟ್ಟಿಕ್ಕುವ ಮಾಡಿನ ಕೆಳಗೆ ದುಬಾರಿ ಪಾಲಿಶ್ ಹಾಕಿಸುವವರಿಗೆ ಹೇಳುವಂಥದ್ದು ಬೇರೇನೂ ಇಲ್ಲ.

ಗೇರು ಎಣ್ಣೆಯ ಗುಣ, ಅವಗುಣ

ನಮ್ಮ ಕಡೆಯದೇ ಆದ ಒಂದು ಲೇಪ ಇದೆ. ಪೇಂಟ್ ಅಂಗಡಿಯ ಕಪಾಟಿನಲ್ಲಿ ಅದು ಕಾಣುವುದಿಲ್ಲ. ಗೇರುಬೀಜದ ಕಾರ್ಖಾನೆಯಿಂದ ಕ್ಯಾನಿನಲ್ಲಿ ಬರುತ್ತದೆ. ಗೇರುಬೀಜದ ಸಿಪ್ಪೆಯೊಳಗಿನ ಕಪ್ಪು ಮಿಶ್ರಿತ ಕಂದು ಎಣ್ಣೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗಿಡ ಇಲ್ಲಿನ ಮುರಕಲ್ಲು ಗುಡ್ಡಗಳಿಗೆ ಎಷ್ಟು ಒಗ್ಗಿತೆಂದರೆ ಅದರ ಸಂಶೋಧನೆಗೆ 1986ರಲ್ಲಿ ಪಕ್ಕದ ಪುತ್ತೂರಿನಲ್ಲಿ ರಾಷ್ಟ್ರೀಯ ಕೇಂದ್ರವೇ ಬಂತು. ಬಂಟ್ವಾಳ, ಮೂಡುಬಿದಿರೆ, ಕಾರ್ಕಳ ಸುತ್ತ ಗೇರುಬೀಜದ ಕಾರ್ಖಾನೆಗಳಿಲ್ಲದ ದಿಕ್ಕಿಲ್ಲ. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಳ್ಳುತ್ತಿದ್ದದ್ದು ಈ ಸಿಪ್ಪೆ ಎಣ್ಣೆಯ ಭಯದಿಂದ. ತಾಗಿದಲ್ಲಿ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಮನುಷ್ಯನ ಚರ್ಮವನ್ನು ಬಿಡದ ಎಣ್ಣೆ ಹುಳವನ್ನು ಬಿಟ್ಟೀತೇ? ಹಸಿ ಎಣ್ಣೆಯಲ್ಲಿ ಬಹುಪಾಲು ಇರುವುದು ಅನಾಕಾರ್ಡಿಕ್ ಆಮ್ಲ. ಕಾಯಿಸಿದರೆ ಅದು ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. ಇವೆಲ್ಲ ಫೀನಾಲ್ ಜಾತಿಯವು. ಗೆದ್ದಲಿಗೂ ಕುಟ್ಟೆ ಹುಳಕ್ಕೂ ಬೂಸ್ಟಿಗೂ ಹಿಡಿಸುವುದಿಲ್ಲ. ಬ್ರೇಕ್ ಲೈನಿಂಗ್‌ನಿಂದ ಹಿಡಿದು ಹಡಗಿಗೆ ಬಳಿಯುವ ಎಪಾಕ್ಸಿ ಬಣ್ಣದವರೆಗೆ ಇದಕ್ಕೆ ಗಿರಾಕಿಗಳಿದ್ದಾರೆ. ನಮ್ಮಲ್ಲಿ ದೋಣಿಗೆ, ಪಕ್ಕಾಸಿಗೆ, ರೀಪಿಗೆ ಬಳಿದು ಬಂದಿದ್ದಾರೆ. ದಪ್ಪ ಎನಿಸಿದರೆ ಸೀಮೆಎಣ್ಣೆ ಬೆರೆಸಿ ತೆಳು ಮಾಡುವುದು ರೂಢಿ. ಜಪಾನಿನ ಹೆಸರಾಂತ ಉರುಶಿ ಲೇಪ ಕೊಡುವ ಮರವೂ ಗೇರಿನ ಕುಟುಂಬದ್ದೇ. ಅದರ ಹಾಲೂ ಮೈಗೆ ತಾಗಿದರೆ ಬೊಬ್ಬೆ ಏಳಿಸುತ್ತದೆ, ಮತ್ತು ಅದು ಗಟ್ಟಿಯಾಗುವುದಕ್ಕೆ ಒಣ ಗಾಳಿ ಬೇಡ, ತೇವದ ಗಾಳಿಯೇ ಬೇಕು. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಪಾಲಿಶ್ ಜಪಾನಿಗೆ ಹೋಗಿ ಕೂತಿದೆ.

ಹಾಗಾದರೆ ಗೇರು ಎಣ್ಣೆಯನ್ನೇ ನೆಲಕ್ಕೆ ಬಳಿಯಬಹುದಲ್ಲ ಎಂದರೆ, ಕಾಲಿಡುವ ಮೇಲ್ಭಾಗಕ್ಕೆ ಬೇಡ. ಬಹಳ ನಿಧಾನ ಒಣಗುತ್ತದೆ, ಸೆಕೆಗೆ ಅಂಟಂಟಾಗುತ್ತದೆ, ಮರ ಕಪ್ಪಾಗಿ ಎಳೆ ಮುಚ್ಚಿಹೋಗುತ್ತದೆ. ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆಗೆ ಅಪಾಯವೂ ಹೌದು; ಮಾವಿನ ಸೊನೆ ಆಗದವರಿಗೆ ಇದು ಇನ್ನೂ ಆಗುವುದಿಲ್ಲ. ಅದರ ಜಾಗ ಕಾಣದ ಕಡೆ. ಹಲಗೆಯನ್ನು ಹೊತ್ತ ತೊಲೆ, ಜಂತಿಗಳಿಗೆ, ಮುಖ್ಯವಾಗಿ ಅವುಗಳ ತುದಿಗೆ ಬಳಿಯಿರಿ. ಮುರಕಲ್ಲಿನ ಗೋಡೆಯೊಳಗೆ ಹುದುಗಿದ ತೊಲೆಯ ತುದಿಯೇ ಮೊದಲು ಕೊಳೆಯುವ ಜಾಗ. ಮಳೆಗೆ ನೆನೆದ ಕಲ್ಲು ತನ್ನ ನೀರನ್ನೆಲ್ಲ ಅಲ್ಲಿಗೆ ದಾಟಿಸುತ್ತದೆ. ಉಪ್ಪರಿಗೆ ಕುಸಿದ ಹಳೆಯ ಮನೆಗಳಲ್ಲಿ ಹಲಗೆ ಗಟ್ಟಿಯಾಗಿಯೇ ಇರುತ್ತದೆ, ತೊಲೆಯ ತುದಿ ಪುಡಿಯಾಗಿರುತ್ತದೆ. ಕೈಗವಸು ಹಾಕಿ, ಮೈ ಮುಚ್ಚಿಕೊಂಡು ಬಳಿಯಬೇಕು. ಒಲೆಯ ಹತ್ತಿರ ಇಡಬಾರದು. ಇದಕ್ಕೆ ಬದಲು ಗ್ಯಾರೇಜಿನ ವೇಸ್ಟ್ ಆಯಿಲ್ ಬಳಿಯುವವರೂ ಇದ್ದಾರೆ. ಅದು ಎಂದೂ ಒಣಗುವುದಿಲ್ಲ, ಎಂಜಿನ್ನಿನ ಲೋಹದ ಕಸವನ್ನೆಲ್ಲ ಮನೆಯೊಳಗೆ ತರುತ್ತದೆ. ಬೇಡವೇ ಬೇಡ.

ತೆಂಗಿನೆಣ್ಣೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ರೆಡ್ ಆಕ್ಸೈಡ್ ನೆಲಕ್ಕೆ ಉಜ್ಜಿ ಹೊಳಪು ಬರಿಸಿದ ಅಭ್ಯಾಸದಿಂದ ಮರಕ್ಕೂ ತೆಂಗಿನೆಣ್ಣೆ ಉಜ್ಜುತ್ತಾರೆ. ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಆ ಶಕ್ತಿಯನ್ನು ಅಂದಾಜಿಸುವ ಅಯೋಡಿನ್ ಸಂಖ್ಯೆ ಅಗಸೆ ಎಣ್ಣೆಗೆ 170ರಿಂದ 200, ತೆಂಗಿನೆಣ್ಣೆಗೆ 10ರ ಆಸುಪಾಸು. ಅಂದರೆ ತೆಂಗಿನೆಣ್ಣೆ ಯಾವ ಕಾಲಕ್ಕೂ ಗಟ್ಟಿಯಾಗದು. ಕೆಂಪು ಧೂಳನ್ನು ಹಿಡಿದು ಮಣ್ಣಿನ ಪದರವಾಗುತ್ತದೆ.

ಡಬ್ಬಿಯೊಳಗೆ ಏನಿದೆ

ಒಂದು ಕಂಪನಿಯ ಡಬ್ಬಿಯ ಹೆಸರು ನಮ್ಮಲ್ಲಿ ಎಲ್ಲ ವಾರ್ನಿಷಿಗೂ ನಿಂತುಬಿಟ್ಟಿದೆ. ಆದ್ದರಿಂದ ಟಚ್‌ವುಡ್ ಎಂದು ಯಾರು ಹೇಳಿದರೂ ಡಬ್ಬಿಯನ್ನು ತಿರುಗಿಸಿ ಒಳಗಿರುವುದು ಏನೆಂದು ಓದಿ. ಹಾಗೆಯೇ ನೆಲಕ್ಕೆ ಬಳಿಯಬಹುದೆಂದು ಅದರಲ್ಲೇ ಬರೆದಿದೆಯೇ ಎಂದೂ ನೋಡಿ. ಬಾಗಿಲು, ಮಂಚ, ಕಪಾಟಿಗೆ ಮಾಡಿದ ಪಾಲಿಶ್‌ಗಳೇ ಅಂಗಡಿಯಲ್ಲಿ ಹೆಚ್ಚು. ಕಪಾಟಿನ ಮೇಲೆ ಯಾರೂ ನಡೆಯುವುದಿಲ್ಲ.

ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅದೇ ಅರಗು. ಕುರ್ಚಿಗೆ ಅದರಷ್ಟು ಚಂದದ್ದು ಇನ್ನೊಂದಿಲ್ಲ. ನೆಲದ ಮೇಲೆ ಒಂದು ಲೋಟ ನೀರು ಚೆಲ್ಲಿದರೆ ಬಿಳಿ ಕಲೆ. ಎನ್‌ಸಿ ಲ್ಯಾಕರ್ ಬೇಗ ಒಣಗುತ್ತದೆ, ಅಷ್ಟೇ ಬೇಗ ಸವೆಯುತ್ತದೆ. ತೇವದ ದಿನ ಹೊಡೆದರೆ ಥಿನ್ನರ್ ಆರುವಾಗ ಮೈ ತಣಿದು ಗಾಳಿಯ ನೀರು ಅದರ ಮೇಲೆ ಕೂತು ಹಾಲುಬಿಳುಪಾಗುತ್ತದೆ. ಮೆಲಮೈನ್ ಗಟ್ಟಿ, ಆದರೆ ಬಾಗುವ ಗುಣ ಕಡಿಮೆ. ಹಲಗೆ ಅಲುಗಿದಲ್ಲೆಲ್ಲ ಕೂದಲೆಳೆಯ ಬಿರುಕು. ಹೊಡೆದ ದಿನಗಳಲ್ಲಿ ಕಣ್ಣುರಿಸುವುದು ಅದರಿಂದ ಹೊರಬರುವ ಫಾರ್ಮಾಲ್ಡಿಹೈಡ್. ಈ ಮೂರನ್ನೂ ನೆಲಕ್ಕೆ ಬೇಡ ಎಂದು ಕಣ್ಣು ಮುಚ್ಚಿ ಹೇಳಬಹುದು.

ಉಳಿಯುವುದು ಎರಡು ದಾರಿ. ಮರದೊಳಗೆ ಇಳಿಯುವ ಎಣ್ಣೆ, ಇಲ್ಲವೇ ಮೇಲೆ ಪದರವಾಗಿ ಕೂರುವ ಪಾಲಿಯುರೆಥೇನ್, ಅಂದರೆ ಅಂಗಡಿಯ ಮಾತಿನ ಪಿಯು.

ಪಿಯು ಎಂದರೆ ಒಂದೇ ಅಲ್ಲ. ಎಣ್ಣೆ ಆಧಾರದ್ದು ಮರಕ್ಕೆ ಜೇನುಬಣ್ಣ ಕೊಡುತ್ತದೆ, ಒಂದು ಕೋಟಿಗೆ ಒಂದು ದಿನ ತೆಗೆದುಕೊಳ್ಳುತ್ತದೆ, ಪೂರ್ತಿ ಗಟ್ಟಿಯಾಗಲು ತಿಂಗಳು ಬೇಕಾದೀತು. ನೀರಿನ ಆಧಾರದ್ದು ಮರದ ಬಣ್ಣವನ್ನು ಹೆಚ್ಚು ಬದಲಿಸುವುದಿಲ್ಲ, ವಾಸನೆ ಕಡಿಮೆ, ಒಂದೇ ದಿನ ಎರಡು ಕೋಟು ಹಾಕಬಹುದು. ಮೊದಲ ಕೋಟಿಗೆ ಮರದ ಎಳೆ ಎದ್ದು ನಿಲ್ಲುವುದರಿಂದ ನಯವಾಗಿ ಸ್ಯಾಂಡ್ ಪೇಪರ್ ಉಜ್ಜಿ ಮುಂದುವರಿಯಬೇಕು. ಸ್ಟೀಲ್ ಉಣ್ಣೆ ಬಳಸಬಾರದು, ಅದರ ಚೂರು ಒಳಗೇ ತುಕ್ಕು ಹಿಡಿಯುತ್ತದೆ. ಎರಡು ಡಬ್ಬಿ ಬೆರೆಸುವ ಟೂ-ಕೆ ಪಿಯು ಎಲ್ಲಕ್ಕಿಂತ ಗಟ್ಟಿ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇದೆ. ಬಟ್ಟೆಯ ಮಾಸ್ಕ್ ಅದಕ್ಕೆ ಸಾಲದು, ಕೆಲಸದವರಿಗೆ ಸರಿಯಾದ ರೆಸ್ಪಿರೇಟರ್ ಕೊಡಿಸಬೇಕು. ತೇವದ ಗಾಳಿಯಲ್ಲಿ ಅದು ನೀರಿನೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುವುದರಿಂದ ಪದರದಲ್ಲಿ ಗುಳ್ಳೆಗಳೂ ಬರುತ್ತವೆ.

ಪಿಯುವಿನ ಒಂದು ಕೆಟ್ಟ ಗುಣವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದು ಹಲಗೆಗಳ ನಡುವಿನ ಸಂದಿಗೆ ಇಳಿದು ಅಂಚು ಅಂಚನ್ನು ಅಂಟಿಸಿಬಿಡುತ್ತದೆ. ಐದಾರು ಹಲಗೆ ಸೇರಿ ಒಂದೇ ಹಲಗೆಯಾಯಿತು ಎಂದಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಎಲ್ಲವೂ ಕುಗ್ಗಿದಾಗ ಆರು ಕಡೆ ಹಂಚಿಹೋಗಬೇಕಾದ ಸಂದಿ ಒಂದೇ ಕಡೆ ಬಾಯಿ ತೆರೆಯುತ್ತದೆ, ಕೆಲವೊಮ್ಮೆ ಹಲಗೆಯೇ ಸೀಳುತ್ತದೆ. ಮೊಳೆ ಹೊಡೆದ, ಸಂದಿಯಿರುವ ಹಳೆಯ ಹಲಗೆಗಳ ಉಪ್ಪರಿಗೆಗೆ ದಪ್ಪ ಪಿಯು ಬೇಡ ಎನ್ನಲು ನನಗೆ ಇದೊಂದು ಕಾರಣ ಸಾಕು. ಇನ್ನೊಂದು ಕಾರಣ ರಿಪೇರಿ. ಪಿಯು ಒಂದು ಕಡೆ ಎದ್ದರೆ ಅಷ್ಟಕ್ಕೇ ತೇಪೆ ಹಾಕಲು ಬರುವುದಿಲ್ಲ, ಇಡೀ ಕೋಣೆ ಉಜ್ಜಬೇಕು. ಎಣ್ಣೆ ಹಚ್ಚಿದ ನೆಲದಲ್ಲಿ ಅಡಿಕೆ ಗೋಣಿ ಎಳೆದು ಗೀರಾದರೆ ಆ ಜಾಗವನ್ನು ಮಾತ್ರ ಉಜ್ಜಿ ಎಣ್ಣೆ ಸವರಿದರೆ ಮುಗಿಯಿತು.

ಹಾಗೆಂದು ಎಣ್ಣೆ ಎಲ್ಲರಿಗೂ ಅಲ್ಲ. ಬರಿಯ ಹಸಿ ಅಗಸೆ ಎಣ್ಣೆ ಒಣಗಲು ವಾರಗಳು ಬೇಕು. ಶುಷ್ಕಕಾರಕ ಸೇರಿಸಿದ, ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಎನ್ನುವುದನ್ನೇ ತರಬೇಕು. ತೆಳುವಾಗಿ ಹಚ್ಚಿ, ಅರ್ಧ ಗಂಟೆಯಲ್ಲಿ ಮರ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತೀತು. ಇದು ಹೆದರಿಸುವ ಮಾತಲ್ಲ, ಅಗಸೆ ಎಣ್ಣೆಯ ಸ್ವಭಾವ. ಬಟ್ಟೆಯನ್ನು ನೀರಲ್ಲಿ ಅದ್ದಿ ಇಡಿ, ಇಲ್ಲವೇ ಅಂಗಳದಲ್ಲಿ ಬಿಡಿಸಿ ಹರವಿ. ಅಗಸೆ ಎಣ್ಣೆಯ ಇನ್ನೊಂದು ತೊಂದರೆ ಬೂಸ್ಟು. ಮುಂಬಯಿಯಲ್ಲೋ ಗಲ್ಫಿನಲ್ಲೋ ಮಕ್ಕಳಿದ್ದು, ಮಳೆಗಾಲವಿಡೀ ಬೀಗ ಹಾಕಿಡುವ ಉಪ್ಪರಿಗೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥ ಕೋಣೆಯಲ್ಲಿ ಬರಿಯ ಅಗಸೆ ಎಣ್ಣೆ ಬೂಸ್ಟಿಗೆ ಆಹಾರ, ಕಪ್ಪು ಚುಕ್ಕೆಗಳು ಖಚಿತ. ಅಲ್ಲಿಗೆ ಎಣ್ಣೆ ಮತ್ತು ಗಟ್ಟಿ ಮೇಣ ಸೇರಿದ ಹಾರ್ಡ್‌ವ್ಯಾಕ್ಸ್ ಎಣ್ಣೆ ಮೇಲು. ಬೆಲೆ ಹೆಚ್ಚು, ಹೆಚ್ಚಾಗಿ ತರಿಸಿಕೊಳ್ಳಬೇಕಾಗುತ್ತದೆ. ಅದಕ್ಕಿಂತ ಅಗ್ಗದ ಉಪಾಯ, ವಾರಕ್ಕೊಮ್ಮೆ ಯಾರಾದರೂ ಹೋಗಿ ಕಿಟಕಿ ತೆರೆಯುವುದು.

ಮರ ಯಾವುದು ಎಂಬುದರ ಮೇಲೂ ಆಯ್ಕೆ ನಿಂತಿದೆ. ಸಾಗುವಾನಿಯಲ್ಲಿ ಅದರದೇ ಎಣ್ಣೆ ಇದೆ. ಅದರ ಮೇಲೆ ಪಿಯು ಸರಿಯಾಗಿ ಅಂಟುವುದೂ ಇಲ್ಲ, ಕೆಲವು ಬಗೆಯವು ಒಣಗುವುದೂ ಇಲ್ಲ. ಬಳಿಯುವ ಸ್ವಲ್ಪ ಮೊದಲು ಥಿನ್ನರಿನಲ್ಲೋ ಅಸಿಟೋನಿನಲ್ಲೋ ಒರೆಸಿ, ಆರಿದ ಕೂಡಲೇ ಮೊದಲ ಕೋಟು ಹೋಗಬೇಕು. ಹಲಸು ಮೊದಲಿಗೆ ಅರಸಿನದಂತಿದ್ದು ಬೆಳಕು ತಾಗಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಟ್ಟದ್ದು ಈ ಮರದ ಚೇಗೇ. ಚಾಪೆ ಹಾಸಿದಲ್ಲಿ ಹಳದಿ, ಉಳಿದಲ್ಲಿ ಕೆಂಪು ಆದರೆ ಪಾಲಿಶನ್ನು ಬೈಯಬೇಡಿ. ಬೋಗಿ ಬಹಳ ಗಟ್ಟಿ, ಒತ್ತೊತ್ತಾದ ಮರ. ಎಣ್ಣೆ ಹೆಚ್ಚು ಕುಡಿಯುವುದಿಲ್ಲ, ತೆಳು ಮಾಡಿಯೇ ಹಚ್ಚಬೇಕು. ಯಾವ ಮರದಲ್ಲಾದರೂ ಚೇಗಿನ ಹೊರಗಿನ ಬಿಳಿ ಭಾಗ ಉಳಿದಿದ್ದರೆ ಕುಟ್ಟೆ ಹಿಡಿಯುವುದು ಅಲ್ಲೇ. ಹುಳ ಮೊಟ್ಟೆ ಇಡುವುದು ಮರದ ತೆರೆದ ರಂಧ್ರಗಳಲ್ಲಿ. ರಂಧ್ರ ಮುಚ್ಚಿದರೆ ಮೊಟ್ಟೆಗೆ ಜಾಗವಿಲ್ಲ. ಸೀಳುವ ಮೊದಲು ಮರವನ್ನು ಕೆರೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದ ಪದ್ಧತಿಯ ಅರ್ಥವೂ ಇದೇ, ಹುಳಕ್ಕೆ ಬೇಕಾದ ಪಿಷ್ಟ ನೀರಿಗೆ ಬಿಟ್ಟುಹೋಗಲಿ ಎಂದು.

ಅಡಿಭಾಗವನ್ನು ಮರೆಯಬೇಡಿ

ಪಾಲಿಶ್‌ನವರು 12 ಅಡಿಗೆ 14 ಅಡಿಯ ಕೋಣೆಯನ್ನು 168 ಚದರಡಿ ಎಂದು ಲೆಕ್ಕ ಹಾಕುತ್ತಾರೆ. ಲೀಟರಿಗೆ ಒಂದು ಕೋಟು ಸುಮಾರು 100 ಚದರಡಿ ಬರುತ್ತದೆ, ಮೂರು ಕೋಟಿಗೆ ಐದು ಲೀಟರ್. ಈ ಲೆಕ್ಕದಲ್ಲಿ ಅರ್ಧ ಬಿಟ್ಟುಹೋಗಿದೆ. ಮೇಲ್ಭಾಗಕ್ಕೆ ಮಾತ್ರ ಮೂರು ಕೋಟು ಹೊಡೆದು ಅಡಿಭಾಗವನ್ನು ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಹಲಗೆ ಕೆಳಗಿನಿಂದ ತೇವ ಹೀರುತ್ತದೆ, ಮೇಲಿನಿಂದ ಹೀರುವುದಿಲ್ಲ. ಅಡಿ ಉಬ್ಬಿ ಮೇಲು ಹಾಗೇ ಉಳಿದರೆ ಹಲಗೆಯ ಅಂಚುಗಳು ಮೇಲೆದ್ದು ನಡು ತಗ್ಗಾಗುತ್ತದೆ. ಕೆಳಗಿನ ಕೋಣೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಕಾಣುವ ಮುಚ್ಚಿಗೆಗೂ ಕನಿಷ್ಠ ಎರಡು ಕೋಟು ಅದೇ ಲೇಪ ಹೋಗಲಿ. ಕೆಳಗೆ ಅಡುಗೆಯ ಹಬೆ ಏರುವ ಕೋಣೆಯಾದರೆ ಇದನ್ನು ಬಿಡಲೇಬಾರದು.

ಹಳೆಯ ಮನೆ ಬಿಚ್ಚಿದ ಮರವನ್ನು ತಂದು ಹೊಸ ಮನೆಗೆ ಹಾಕುವವರು ಈಗ ಹೆಚ್ಚಾಗಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನೋಡಿದ ಮೇಲೆ ಹಳೆಯ ಮರದ ಬೆಲೆ ಹಲವರಿಗೆ ತಿಳಿಯಿತು. ಒಳ್ಳೆಯದೇ, ನೂರು ಮಳೆಗಾಲ ಕಂಡ ಮರ ಇನ್ನು ಹೊಸದಾಗಿ ಸೊಟ್ಟಗಾಗುವುದು ಕಡಿಮೆ. ಆದರೆ ಅದರ ಮೇಲೆ ಹಳೆಯ ಬಣ್ಣವಿದ್ದರೆ ಒಣ ಉಜ್ಜಾಟ ಬೇಡ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿದೆ ಎಂದೇ ತಿಳಿದು ಒದ್ದೆ ಮಾಡಿ ಉಜ್ಜಬೇಕು, ಮಕ್ಕಳನ್ನು ದೂರ ಇಡಬೇಕು. ಹಳೆಯ ಪಾಲಿಶ್ ಯಾವುದೆಂದು ತಿಳಿಯಲು ಮೂಲೆಯಲ್ಲಿ ಸ್ಪಿರಿಟ್ ತಾಗಿಸಿ, ಮೆತ್ತಗಾದರೆ ಅರಗು. ಥಿನ್ನರಿಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು ಇರಬಹುದು. ಮೇಣ ಉಜ್ಜಿದ ನೆಲದ ಮೇಲೆ ಯಾವ ಪದರವೂ ನಿಲ್ಲುವುದಿಲ್ಲ, ಪೂರ್ತಿ ತೆಗೆಯಬೇಕು. ಕಬ್ಬಿಣದ ಮೊಳೆಯ ಸುತ್ತ, ಕಬ್ಬಿಣದ ಪಾತ್ರೆ ಇಟ್ಟಲ್ಲಿ ಕಪ್ಪು ಕಲೆಯಿದ್ದರೆ ಅದು ಮರದ ಚೊಗರು ಕಬ್ಬಿಣಕ್ಕೆ ಸೇರಿ ಆದದ್ದು. ಆಕ್ಸಾಲಿಕ್ ಆಮ್ಲದ ನೀರಿಗೆ ಹೋಗುತ್ತದೆ, ಉಜ್ಜಾಟಕ್ಕಲ್ಲ.

ನೆರೆ ನೋಡಿದ ಮನೆಗಳದ್ದು ಬೇರೆಯೇ ಲೆಕ್ಕ. 1974ರ ನೇತ್ರಾವತಿಯ ನೆರೆಯನ್ನು ಬಂಟ್ವಾಳ ಪೇಟೆಯ ಹಿರಿಯರು ಇನ್ನೂ ಮರೆತಿಲ್ಲ; 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆಯ ಹಳ್ಳಿಗಳಿಗೆ ನೀರೂ ಕೆಸರೂ ನುಗ್ಗಿದವು. ನೀರು ಕುಡಿದ ಮರಕ್ಕೆ ಚಂದ ಕಾಣಲೆಂದು ಕೂಡಲೇ ಪಾಲಿಶ್ ಹೊಡೆದರೆ ನೀರನ್ನು ಒಳಗೇ ಬೀಗ ಹಾಕಿದಂತಾಗುತ್ತದೆ. ಇದ್ದ ಪದರವನ್ನೂ ಕೆರೆದು ತೆಗೆದು, ಒಂದು ಬೇಸಗೆ ಪೂರ್ತಿ ಗಾಳಿಗೆ ಬಿಟ್ಟು ನೋಡಬೇಕು.

ಕೆಳಗಿನ ನೆಲಕ್ಕೇ ಮರ ಬೇಕೆನ್ನುವ ಹೊಸ ಮನೆಯವರಿಗೆ ಒಂದೇ ಮಾತು: ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಸಿಮೆಂಟ್ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಬೆವರು ಕಂಡರೆ ಟೈಲ್ಸ್ ಹಾಕಿ. ಮತ್ತೆ, ಅಂಗಡಿಯವರು ತೋರಿಸುವ ಲ್ಯಾಮಿನೇಟ್ ಮರವೇ ಅಲ್ಲ, ಮರದ ಚಿತ್ರ. ಅದಕ್ಕೆ ಯಾವ ಪಾಲಿಶೂ ಬೇಡ, ಉಜ್ಜಲೂ ಬರುವುದಿಲ್ಲ.

ಪತ್ತನಾಜೆಗೆ ಮೊದಲು

ಕೆಲಸಕ್ಕೆ ಸರಿಯಾದ ಕಾಲ ಡಿಸೆಂಬರ್ ಕೊನೆಯಿಂದ ಜನವರಿ. ಮಳೆಯ ನೀರು ಮರದಿಂದ ಇಳಿದಿರುತ್ತದೆ, ಹಾಗೆಂದು ಫೆಬ್ರವರಿ, ಮಾರ್ಚಿನಷ್ಟು ಕುಗ್ಗಿರುವುದಿಲ್ಲ. ಚುಚ್ಚಿ ನೋಡುವ ತೇವ ಮಾಪಕ ಶೇ 15ಕ್ಕಿಂತ ಕಡಿಮೆ ತೋರಿಸಿದರೆ ಶುರುಮಾಡಬಹುದು. ಮಾರ್ಚಿನಲ್ಲಿ ಸಂದಿಗಳು ಅಗಲವಾಗಿ ಕಂಡವೆಂದು ಪುಟ್ಟಿ ತುಂಬಿಸುವವರಿದ್ದಾರೆ. ಜುಲೈಯಲ್ಲಿ ಹಲಗೆ ಉಬ್ಬಿ ಆ ಪುಟ್ಟಿಯನ್ನು ಹಿಂಡಿ ಹೊರಹಾಕುತ್ತದೆ; ಜಾಗ ಸಾಲದಿದ್ದರೆ ನೆಲವೇ ಮೇಲೇಳುತ್ತದೆ. ಆ ಸಂದಿ ಮರ ಮಳೆಗಾಲಕ್ಕೆಂದು ಕಾದಿರಿಸಿಕೊಂಡ ಜಾಗ.

ನಮ್ಮಲ್ಲಿ ಆಗುವುದೇ ಬೇರೆ. ಮನೆಯಲ್ಲಿ ಮದುವೆಯೋ ಕೋಲವೋ ಇದೆ ಎನ್ನುವಾಗ, ಒಂದು ವಾರ ಮೊದಲು ಪಾಲಿಶ್‌ನವರಿಗೆ ಫೋನು ಹೋಗುತ್ತದೆ. ಮುಟ್ಟಿದರೆ ಒಣಗಿದಂತಿರುತ್ತದೆ, ನೆಂಟರು ಚಾಪೆ ಹಾಸಿ ಮಲಗಿ ಎದ್ದರೆ ಚಾಪೆಯ ಹೆಣಿಗೆ ನೆಲದಲ್ಲಿ ಅಚ್ಚಾಗಿರುತ್ತದೆ. ನೀರಿನ ಪಿಯುವಿಗೂ ಚಾಪೆ ಹಾಸಲು ಒಂದು ವಾರ, ಎಣ್ಣೆಯದಕ್ಕೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಜಾತ್ರೆ, ನೇಮ, ಮೇಳಗಳ ಋತು ಮುಗಿಸುವ ಪತ್ತನಾಜೆ ಬರುವುದು ಮೇ ಕೊನೆಯ ವಾರದಲ್ಲಿ. ಅಷ್ಟರೊಳಗೆ ನೆಲ ಪೂರ್ತಿ ಗಟ್ಟಿಯಾಗಿರಬೇಕಾದರೆ ಜನವರಿಯನ್ನು ಕಳೆದುಕೊಳ್ಳಬಾರದು.

ನನ್ನ ತೀರ್ಪು ಇಷ್ಟು. ಸಂದಿಯಿರುವ ಹಳೆಯ ಹಲಗೆಗಳ, ಜನ ವಾಸವಿರುವ ಉಪ್ಪರಿಗೆಗೆ ಎಣ್ಣೆ, ಮೇಲೂ ಕೆಳಗೂ. ಮೊದಲ ವರ್ಷ ಮೂರು ತೆಳು ಕೈ, ಆಮೇಲೆ ವರ್ಷಕ್ಕೊಂದು. ಬೀಗ ಹಾಕಿಡುವ ಕೋಣೆಗೆ ಹಾರ್ಡ್‌ವ್ಯಾಕ್ಸ್. ಯಂತ್ರದಲ್ಲಿ ಕೊಯ್ದು ಬಿಗಿಯಾಗಿ ಕೂರಿಸಿದ ಹೊಸ ನೆಲಕ್ಕೆ, ಮಕ್ಕಳೂ ನಾಯಿಯೂ ಇರುವ ಮನೆಗೆ ನೀರಿನ ಆಧಾರದ ಪಿಯು, ಅದೂ ಮ್ಯಾಟ್. ಹೊಳಪಿನದು ಬೇಡ, ಒದ್ದೆ ಕಾಲಿಗೆ ಜಾರುತ್ತದೆ, ಕಡಿದಾದ ಮರದ ಮೆಟ್ಟಿಲಿನಲ್ಲಂತೂ ಅಪಾಯ. ಕಾಣದ ತೊಲೆ, ಜಂತಿಗೆ ಗೇರು ಎಣ್ಣೆ. ವರ್ಷಕ್ಕೊಮ್ಮೆ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಮಣಿಯಾಗಿ ನಿಂತರೆ ಲೇಪ ಇನ್ನೂ ಇದೆ, ಕೆಲವೇ ನಿಮಿಷದಲ್ಲಿ ಮರ ಕಪ್ಪಾದರೆ ಹಚ್ಚುವ ಕಾಲ ಬಂದಿದೆ.

ಕೆಲಸ ಮುಗಿದ ದಿನ ಒಂದು ಸಣ್ಣ ಉಪಕಾರ ಮಾಡಿ. ಡಬ್ಬಿಯ ಮೇಲಿನ ಹೆಸರು, ಅದು ಎಣ್ಣೆಯೋ ಪಿಯುವೋ, ಎಷ್ಟು ಕೋಟು, ಯಾವ ತಿಂಗಳು ಎಂಬುದನ್ನು ಪೆನ್ಸಿಲಿನಲ್ಲಿ ಮೆಟ್ಟಿಲಿನ ಅಡಿಭಾಗದಲ್ಲೋ ಕಪಾಟಿನ ಕದದ ಒಳಗೋ ಬರೆದಿಡಿ. ಹತ್ತು ವರ್ಷ ಕಳೆದು ನೆಲ ಉಜ್ಜಲು ಬರುವ ಆಚಾರ್ರಿಗೆ ಮೊದಲು ಬೇಕಾಗುವುದು ಅದೇ.